ಎಂಟು ಗಾಜಿನ ಹೊಟ್ಟೆ

ಎಮ್ಮೆಗೆ ಹುಲ್ಲು ಜೀರ್ಣಿಸಿಕೊಳ್ಳಲು ಬರುವುದಿಲ್ಲ. ಧಾರವಾಡದ ಗೌಳೇರ ಓಣಿಯಲ್ಲಿ ನಿಂತು ಯಾರಾದರೂ ಈ ಮಾತು ಆಡಿದ್ದರೆ ‘ತಲಿ ನೆಟ್ಟಗೈತಿಲ್ಲೊ?’ ಎಂದು ಕೇಳಿ ಕಳಿಸುತ್ತಿದ್ದರು. ಆದರೆ ಮಾತು ಅಪ್ಪಟ ನಿಜ. ಎಮ್ಮೆಯದು ಹುಲ್ಲು ತರಿದು ನುಂಗುವ ಕೆಲಸ, ಆಮೇಲೆ ಅದನ್ನೇ ಬಾಯಿಗೆ ತಂದು ಅಗಿಯುವ ಕೆಲಸ, ಅಷ್ಟೇ. ಒಳಗೆ ಹಂಡೆಯಷ್ಟು ದೊಡ್ಡ ಹೊಟ್ಟೆಯ ಕತ್ತಲಲ್ಲಿ, ಗಾಳಿಯೂ ಸೋಕದ ಕಡೆ, ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಸಂಸಾರ ಹೂಡಿರುತ್ತವೆ. ಹುಲ್ಲನ್ನು ಮುರಿದು, ಹುಳಿಸಿ, ಎಮ್ಮೆಯ ಮೈಗೆ ಹತ್ತುವ ಹಾಗೆ ಮಾಡಿಕೊಡುವವು ಅವೇ. ಅವು ಸತ್ತರೆ ಎಮ್ಮೆ ಎಷ್ಟು ತಿಂದರೂ ಉಪವಾಸ.

ಆ ವರ್ಷ ಅವು ಸಾಯತೊಡಗಿದವು. ಎಲ್ಲಿಂದಲೋ ಬಂದ ಒಂದು ವೈರಸ್ಸು ಮನುಷ್ಯರನ್ನು ಮುಟ್ಟಲಿಲ್ಲ, ಎಮ್ಮೆಯ ರಕ್ತಮಾಂಸವನ್ನೂ ಮುಟ್ಟಲಿಲ್ಲ. ಹೊಟ್ಟೆಯೊಳಗೆ ಹೊಕ್ಕು, ಹುಲ್ಲಿನ ನಾರು ಮುರಿಯುವ ಬ್ಯಾಕ್ಟೀರಿಯಾಗಳನ್ನಷ್ಟೇ ಹುಡುಕಿ ಹುಡುಕಿ ಕೊಂದಿತು. ಎಮ್ಮೆ ತಿನ್ನುತ್ತಿತ್ತು, ತಿಂದದ್ದು ತಿಂದ ಹಾಗೆಯೇ ಒಳಗೆ ಕೂರುತ್ತಿತ್ತು. ಮೊದಲು ಮೆಲುಕು ನಿಲ್ಲುತ್ತಿತ್ತು, ಆಮೇಲೆ ಹಾಲು, ಮೂರು ನಾಲ್ಕು ವಾರಕ್ಕೆ ಉಸಿರು. ಸರಕಾರದವರು ರೋಗಕ್ಕೆ ಮಾರುದ್ದದ ಹೆಸರಿಟ್ಟರು. ಓಣಿಯವರು ಮಗ್ಗುಲಿಗೆ ಕೈಯಿಟ್ಟು, ಹೊಟ್ಟೆ ಕಲ್ಲಾಗಿದ್ದು ನೋಡಿ, ಕಲ್ಲೊಟ್ಟಿ ಬ್ಯಾನಿ ಎಂದರು. ಹೆಸರು ಯಾವುದಾದರೇನು, ದಿನಕ್ಕೊಂದು ಕೊಟ್ಟಿಗೆ ಖಾಲಿಯಾಗುವುದು ನಿಲ್ಲಲಿಲ್ಲ.

ಕಸ್ತೂರಿ ಅದೇ ಓಣಿಯ ಮಗಳು. ಊರ ಹೊರಗಿನ ಪಶು ಆಹಾರ ಪ್ರಯೋಗಶಾಲೆಯಲ್ಲಿ ಹತ್ತು ವರ್ಷದಿಂದ ತಂತ್ರಜ್ಞೆ. ಅವಳ ತಾಯಿ ತುಂಗವ್ವನ ಕೊಟ್ಟಿಗೆಯಲ್ಲಿ ಹದಿನಾಲ್ಕು ಎಮ್ಮೆಗಳಿದ್ದವು. ಆರು ಸತ್ತವು. ಮೂರು ರೋಗ ಹತ್ತಿ ಮಲಗಿದ್ದವು. ಉಳಿದ ಐದು ಮಾತ್ರ ಅದೇ ನೀರು ಕುಡಿದು, ಅದೇ ಮೇವು ತಿಂದು, ಏನೂ ಆಗದವರ ಹಾಗೆ ಮೆಲುಕು ಹಾಕುತ್ತಿದ್ದವು. ಪ್ರಯೋಗಶಾಲೆಯ ಮುಖ್ಯಸ್ಥ ಡಾಕ್ಟರ್ ಹಾದಿಮನಿಯವರ ಊಹೆ ಇದು: ಆ ಐದರ ಹೊಟ್ಟೆಯಲ್ಲಿರುವ ಜೀವಿಗಳು ಈ ವೈರಸ್ಸಿಗೆ ಬಗ್ಗುವ ಜಾತಿಯವಲ್ಲ. ಅವನ್ನು ಹೊರಗೆ ಬೆಳೆಸಿ ರೋಗದ ಎಮ್ಮೆಗಳಿಗೆ ಕುಡಿಸಿದರೆ ಸತ್ತ ಹೊಟ್ಟೆಗಳು ಮತ್ತೆ ಎದ್ದಾವು. ಒಂದರಿಂದ ತೆಗೆದು ನೇರ ಇನ್ನೊಂದಕ್ಕೆ ಕುಡಿಸುವುದನ್ನು ಸರಕಾರ ನಿಷೇಧಿಸಿತ್ತು, ರೋಗವೂ ಜೊತೆಗೇ ದಾಟೀತೆಂಬ ಭಯಕ್ಕೆ. ಬೆಳೆಸಿ, ಪರೀಕ್ಷಿಸಿ, ಆಮೇಲೇ ಕೊಡಬೇಕು.

ಇನ್ನೊಂದು ಕಾಯಿದೆಯೂ ಇತ್ತು, ಅದು ಇದಕ್ಕಿಂತ ಕೆಟ್ಟದ್ದು. ಕೊಟ್ಟಿಗೆಯಲ್ಲಿ ಒಂದಕ್ಕೆ ರೋಗವಿದ್ದರೂ ಎಲ್ಲವನ್ನೂ ಕೊಲ್ಲಬೇಕು. ಪ್ರಯೋಗಕ್ಕೆಂದು ಇಷ್ಟು ದಿನ ತಡೆದಿದ್ದ ಆದೇಶವನ್ನು ಗುರುವಾರ ಬೆಳಿಗ್ಗೆ ತುಂಗವ್ವನ ಕೊಟ್ಟಿಗೆಯ ಬಾಗಿಲಿಗೆ ಅಂಟಿಸಿ ಹೋದರು. ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಲಾರಿ ಬರುತ್ತದೆ. ರೋಗದ ಮೂರೂ, ಆರೋಗ್ಯದ ಐದೂ ಒಟ್ಟಿಗೇ ಹೋಗಬೇಕು. ಅಷ್ಟರೊಳಗೆ ಆ ಮೂರು ಮೆಲುಕು ಹಾಕಿದರೆ ಮಾತ್ರ ಆದೇಶ ರದ್ದು.

ಅದೇ ಗುರುವಾರ ಮಧ್ಯಾಹ್ನ ಪ್ರಯೋಗಶಾಲೆಯಲ್ಲಿ, ಹೊರಗೆ ಬೆಳೆಸಿದ ಜೀವಿಗಳ ಏಳನೆಯ ಬ್ಯಾಚು ಸಾಯುತ್ತಿತ್ತು.

ಯಂತ್ರ ಕಟ್ಟಿದವನು ದಸ್ತಗೀರ. ಕುಕ್ಕರು, ಮಿಕ್ಸರು ರಿಪೇರಿ ಮಾಡಿಕೊಂಡಿದ್ದವನನ್ನು ಹಾದಿಮನಿಯವರೇ ಕರೆತಂದಿದ್ದರು. ಬಿಸಿನೀರಿನ ಉದ್ದನೆಯ ತೊಟ್ಟಿ. ಅದರ ಶಾಖ ಸದಾ ಮೂವತ್ತೊಂಬತ್ತು ಡಿಗ್ರಿ, ಎಮ್ಮೆಯ ಹೊಟ್ಟೆಯಲ್ಲಿರುವಷ್ಟೇ. ಅದರಲ್ಲಿ ಸಾಲಾಗಿ ಎಂಟು ಗಾಜಿನ ಪಾತ್ರೆಗಳು. ಪ್ರತಿ ಪಾತ್ರೆಯೊಳಗೆ ಆ ಐದರಲ್ಲೊಂದರ ಹೊಟ್ಟೆಯಿಂದ ತೆಗೆದು ಸೋಸಿದ ರಸ, ಅದರಲ್ಲಿ ಜೋಳದ ಕಣಿಕೆ, ಒಣಹುಲ್ಲು ತುಂಬಿದ ನೈಲಾನಿನ ಚೀಲ. ಹಳೆಯ ಬಸ್ಸಿನ ವೈಪರ್ ಮೋಟರೊಂದು ಆ ಚೀಲಗಳನ್ನು ಮೆಲ್ಲಗೆ ಮೇಲೆತ್ತಿ ಕೆಳಗಿಳಿಸುತ್ತಿತ್ತು. ಮೇಲಿನಿಂದ ಹನಿಹನಿಯಾಗಿ ಸೋಡಾ, ಉಪ್ಪು ಕೂಡಿಸಿದ ನೀರು. ಅದು ಎಮ್ಮೆಯ ಜೊಲ್ಲಿನ ಬದಲಿಗೆ. ಒಳಗೆ ಹುಳಿತು ಏಳುವ ಅನಿಲ ನಳಿಕೆ ಹಿಡಿದು ಮೇಲೆ ತೂಗುಬಿಟ್ಟ ರಬ್ಬರಿನ ಚೀಲದಲ್ಲಿ ತುಂಬಬೇಕು. ಚೀಲ ಉಬ್ಬಿತೆಂದರೆ ಹೊಟ್ಟೆ ಬದುಕಿದೆ ಎಂದು ಅರ್ಥ. ದಸ್ತಗೀರ ಅದನ್ನು ‘ತೇಗು’ ಎನ್ನುತ್ತಿದ್ದ.

ಆರು ಬ್ಯಾಚಿಗೂ ಒಂದೇ ಗತಿ. ಮೂರು ದಿನ ತೇಗು, ನಾಲ್ಕನೆಯ ದಿನ ಚೀಲ ಜೋತು ಬೀಳುವುದು. ಏಳನೆಯದೂ ಹಾಗೇ ಆಗಿತ್ತು, ಐದನೆಯ ಪಾತ್ರೆಯೊಂದನ್ನು ಬಿಟ್ಟು. ಅದರ ಚೀಲ ಮಾತ್ರ ಇನ್ನೂ ಅರ್ಧ ಉಬ್ಬಿಕೊಂಡಿತ್ತು.

ಹಾದಿಮನಿಯವರು ಅದರ ಮುಂದೆ ಬಗ್ಗಿ ನಿಂತರು. “ಕಸ್ತೂರಿ, ಈ ಐದನೇದಕ್ಕ ಏನ್ ಬ್ಯಾರೆ ಮಾಡಿದ್ರಿ?”

“ಏನಿಲ್ರಿ ಸರ್. ಎಂಟಕ್ಕೂ ಒಂದ ಥರಾ.”

“ನೆನಪು ಮಾಡ್ಕೊಂಡು ಹೇಳ್ರಿ.”

“ಎಂಟಕ್ಕೂ ನಾಕು ಮಡಿಕಿ ಬಟ್ಟೀಲೆ ರಸ ಸೋಸೇನಿ, ಸರ್. ಬರದೇನಿ ನೋಡ್ರಿ.”

ಅವರು ನೋಂದಣಿ ಪುಸ್ತಕ ತೆಗೆದು ನೋಡಿದರು. ಅವಳದೇ ದುಂಡು ಅಕ್ಷರ: ನಾಲ್ಕು ಮಡಿಕೆ, ಸ್ವಚ್ಛ. ಎಂಟು ಸಾಲು. ಅವರು ತಲೆಯಾಡಿಸಿ ಪುಸ್ತಕ ಮುಚ್ಚಿದರು. ಕಸ್ತೂರಿಯ ಕಿವಿ ಬಿಸಿಯಾಯಿತು.

ಸುಳ್ಳು ಹೇಳಿದ್ದಳು. ಗೌಳಿಗರ ಮನೆಯ ಹೆಣ್ಣುಮಕ್ಕಳಿಗೆ ನಡೆಯಲು ಬರುವ ಮೊದಲೇ ಹಾಲು ಸೋಸಲು ಬರಬೇಕು. ಹಾಲಿನಲ್ಲಿ ಒಂದು ಕೂದಲು ಕಂಡರೂ ತುಂಗವ್ವ ಬೆನ್ನಿಗೆ ಬಾರಿಸುತ್ತಿದ್ದಳು. ಆ ಕೈ ಪ್ರಯೋಗಶಾಲೆಗೂ ಬಂದಿತ್ತು. ಎಮ್ಮೆಯ ಬಾಯಿಗೆ ನಳಿಕೆ ಇಳಿಸಿ, ಹೊಟ್ಟೆಯ ರಸ ಎಳೆದು ತಂದದ್ದನ್ನು ಕಸ್ತೂರಿ ಸೋಸಿದರೆ ಒಂದು ಎಳೆ ಹುಲ್ಲು ಹುಡುಕಿದರೂ ಸಿಗದು. ಬಂದವರಿಗೆಲ್ಲ ಹಾದಿಮನಿಯವರು ಅದನ್ನು ಹೆಮ್ಮೆಯಿಂದ ತೋರಿಸುತ್ತಿದ್ದರು. ಆದರೆ ಭಾನುವಾರ ಐದನೆಯ ಪಾತ್ರೆಗೆ ಸೋಸುವಾಗ ಫೋನು ಬಂತು: ಅವ್ವನ ಆರನೆಯ ಎಮ್ಮೆ ಸತ್ತಿತೆಂದು. ಕೈ ಜಾರಿತು. ಬಟ್ಟೆಯ ಮೂಲೆ ಬಿಟ್ಟು, ಒಂದು ಹಿಡಿಯಷ್ಟು ಹುಲ್ಲಿನ ಗಸಿ ದುಬುಕ್ಕನೆ ಒಳಗೆ ಬಿತ್ತು. ಛೀ, ಎಂಥ ಗಲೀಜು ಕೆಲಸ ಆಯಿತು ಎಂದುಕೊಂಡಳು. ಬೇರೆ ಬಟ್ಟೆ ತಂದು ಉಳಿದ ಮೂರನ್ನು ಸೋಸಿದಳು. ಪುಸ್ತಕದಲ್ಲಿ ಎಂಟಕ್ಕೂ ‘ಸ್ವಚ್ಛ’ ಎಂದು ಬರೆದಳು.

ಸಂಜೆ ಅವಳು ತಾಯಿಯ ಕೊಟ್ಟಿಗೆಗೆ ಹೋದಾಗ ಹಾಲು ಕರೆಯುವ ಹೊತ್ತು. ತುಂಗವ್ವ ಬಾಗಿಲ ಕಡೆ ನೋಡದೆಯೇ ಕೇಳಿದಳು:

“ಚೀಟಿ ಓದಿದ್ಯಾ?”

“ಓದಿದೆ.”

“ನಿನ್ನ ಗಾಜಿನ ಹೊಟ್ಟಿ ಏನಂತೈತಿ?”

“ನೋಡಾಕತ್ತೇವಿ, ಅವ್ವ.”

“ತಿಂಗಳಾತು ನೋಡಾಕತ್ತು. ನೋಡಿಕೋತ ಕುಂದರ್ರಿ, ಅವು ಸಾಯಲಿ.”

ಕಸ್ತೂರಿ ಮುತ್ತಿಯ ಪಕ್ಕ ನಿಂತಳು. ಮುತ್ತಿ ರೋಗ ಮುಟ್ಟದ ಆ ಐದು ಗಟ್ಟಿ ಎಮ್ಮೆಗಳಲ್ಲಿ ಹಿರಿಯದು. ಪ್ರಯೋಗಶಾಲೆಗೆ ರಸ ಹೋಗುತ್ತಿದ್ದದ್ದು ಅದರಿಂದಲೇ. ಅದರ ಎಡಮಗ್ಗುಲ ಗುಳಿಯಲ್ಲಿ ಮುಷ್ಟಿ ಒತ್ತಿ ಕಾದಳು. ಒಂದು ಅರ್ಧ ನಿಮಿಷ. ಒಳಗಿನಿಂದ ದೊಡ್ಡದೊಂದು ಅಲೆ ಎದ್ದು ಅವಳ ಮುಷ್ಟಿಯನ್ನು ಮೇಲೆತ್ತಿ ಇಳಿಸಿತು. ಆಚೆ ಮಲಗಿದ್ದ ಕೆಂಚಿಯ ಮಗ್ಗುಲಿಗೂ ಹಾಗೇ ಕೈಯಿಟ್ಟಳು. ಎರಡು ನಿಮಿಷ ಕಾದರೂ ಏನಿಲ್ಲ. ಕಲ್ಲು.

ತುಂಗವ್ವ ಹಾಲನ್ನು ಸೋಸಿ, ಬಟ್ಟೆಯನ್ನು ಗೋಡೆಯಾಚೆ ಝಾಡಿಸಿದಳು. ಎರಡು ಎಳೆ ಹುಲ್ಲು, ಒಂದು ಕೂದಲು. ಕಸ್ತೂರಿ ಆ ಬಟ್ಟೆಯನ್ನೇ ನೋಡುತ್ತ ನಿಂತಳು. ಐದನೆಯ ಪಾತ್ರೆ ಬದುಕಿದ್ದು ಗಲೀಜು ಬಿದ್ದಿದ್ದಕ್ಕೇ ಇದ್ದರೆ? ತಾನು ಒಂದು ತಿಂಗಳಿಂದ ಝಾಡಿಸಿ ಎಸೆಯುತ್ತಿದ್ದದ್ದೇ ಮುಖ್ಯವಾದದ್ದಿದ್ದರೆ? ತಾಯಿ ಕೊಟ್ಟ ಚಹಾ ಮುಟ್ಟದೆ ಎದ್ದು ಹೋದಳು.

ಶುಕ್ರವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು ಸೂಕ್ಷ್ಮದರ್ಶಕದ ಮುಂದೆ ಕೂತಳು. ಮೊದಲು ತಾನು ಸೋಸಿದ ತಿಳಿ ರಸದ ಒಂದು ಹನಿ ಇಟ್ಟು ನೋಡಿದಳು. ಅಲ್ಲೊಂದು ಇಲ್ಲೊಂದು ಜೀವಿ, ಸಂತೆ ಮುಗಿದ ಬಯಲಿನಲ್ಲಿ ಉಳಿದವರ ಹಾಗೆ ಅಡ್ಡಾಡುತ್ತಿದ್ದವು. ಆಮೇಲೆ ಐದನೆಯ ಪಾತ್ರೆಯಿಂದ ಒಂದು ಎಳೆ ಹುಲ್ಲು ಕಿತ್ತು ಇಟ್ಟಳು. ಅಯ್ಯೋ ದೇವರೇ! ಹುಲ್ಲೇ ಕಾಣುವಂತಿರಲಿಲ್ಲ. ಒಂದರ ಮೇಲೊಂದು ಕಚ್ಚಿಕೊಂಡು, ಸೂಜಿ ಊರಲು ಜಾಗವಿಲ್ಲದಂತೆ ಜೀವಿಗಳು ಮೆತ್ತಿಕೊಂಡಿದ್ದವು. ನಾರು ಮುರಿಯುವವು ರಸದಲ್ಲಿ ತೇಲುವುದಿಲ್ಲ, ಹುಲ್ಲಿಗೇ ಕಚ್ಚಿಕೊಂಡಿರುತ್ತವೆ. ಹುಲ್ಲು ಸೋಸಿ ಚೆಲ್ಲಿದರೆ ಅವೂ ಹೋದವು.

ಹಾದಿಮನಿಯವರು ಬಂದು ಬ್ಯಾಗು ಇಡುವ ಮೊದಲೇ ಅವಳು ಎಲ್ಲ ಹೇಳಿದಳು. ಫೋನು, ಕೈ ಜಾರಿದ್ದು, ಪುಸ್ತಕದ ಸುಳ್ಳು. ಅವರು ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ಕಣ್ಣಿಟ್ಟು, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಸೋಸ್ರಿ ಅಂತ ಹೇಳಿದಾವ ನಾನ. ನಾ ಓದಿದ ಪುಸ್ತಕದಾಗ ಹಂಗೈತಿ, ನಾನೂ ವಿಚಾರ ಮಾಡ್ಲಿಲ್ಲ. ಏಳು ಬ್ಯಾಚು ಸತ್ತದ್ದು ನನ್ನ ತಪ್ಪು.” ಅವರ ಧ್ವನಿ ಗಡುಸಾಯಿತು. “ಆದ್ರ ನಿನ್ನಿ ಕೇಳಿದಾಗ ನೀವು ಸುಳ್ಳು ಹೇಳಿದ್ರಲ್ಲ, ಅದು ನಿಮ್ಮ ತಪ್ಪು. ಒಂದು ದಿವಸ ಹೋತು, ಕಸ್ತೂರಿ. ನಮ್ಮ ಹತ್ರ ದಿವಸ ಎಲ್ಲಿ ಅದಾವು?”

ಅವಳು ಅಳಲಿಲ್ಲ. ಅಳುವುದಕ್ಕೂ ಮುಖವಿರಲಿಲ್ಲ.

ನಳಿಕೆಯಿಂದ ಬರುವುದು ರಸ, ಜೊತೆಗೆ ಹೆಚ್ಚೆಂದರೆ ಒಂದು ಹಿಡಿ ಗಸಿ. ಹೊಟ್ಟೆಯ ಮೇಲ್ಭಾಗದಲ್ಲಿ ತೇಲುವ ಹುಲ್ಲಿನ ದಪ್ಪ ಪದರು ಬೇಕೆಂದರೆ ಕೈ ಹಾಕಿಯೇ ತೆಗೆಯಬೇಕು. ಅಂದರೆ ಗಟ್ಟಿ ಎಮ್ಮೆಯೊಂದರ ಮಗ್ಗುಲು ಕೊಯ್ಯಬೇಕು. ಡಾಕ್ಟರರು ಎಷ್ಟೋ ಸಲ ಮಾಡಿದ ಶಸ್ತ್ರಕ್ರಿಯೆಯೇ, ನಿಂತಲ್ಲೇ ಮಾಡುವಂಥದ್ದು. ಆದರೆ ಗಾಯ ಕೀವು ಕಟ್ಟಿದರೆ ಎಮ್ಮೆ ಉಳಿಯದು. ಓಣಿಯಲ್ಲಿ ಗಟ್ಟಿ ಎಂದು ಖಾತ್ರಿ ಇದ್ದದ್ದು ತುಂಗವ್ವನ ಐದೇ. ಅದರಲ್ಲೂ ದೊಡ್ಡ ಹೊಟ್ಟೆಯದು ಮುತ್ತಿ.

“ನಾ ಹೇಳ್ಲೇನು ಅವ್ವಾರಿಗೆ?” ಎಂದರು ಹಾದಿಮನಿ.

“ಬ್ಯಾಡ್ರಿ. ನಾನ ಹೇಳ್ತೇನಿ.”

ತುಂಗವ್ವ ಕೊಟ್ಟಿಗೆಯ ನೆಲ ತೊಳೆಯುತ್ತಿದ್ದಳು. ಕಸ್ತೂರಿ ಚಪ್ಪಲಿ ಬಿಟ್ಟು ಒಳಗೆ ಬಂದು, ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮೊದಲು ಮುತ್ತಿಯ ಮಗ್ಗುಲು ಕೊಯ್ಯುವ ಮಾತು, ಆಮೇಲೆ ಯಾಕೆ ಎಂಬ ಮಾತು. ತುಂಗವ್ವನ ಕೈಯಲ್ಲಿನ ಕಸಬರಿಗೆ ನಿಂತಿತು.

“ಹಂಗಾರ ಮೊದಲನೇ ಸಲನ ಸೋಸದ ಹಾಕಿದ್ರ ಬದಕತಿದ್ವು?”

“ಬದಕತಿದ್ವೇನೋ, ಅವ್ವ.”

“ಏನೋ ಪಾನೋ ಬ್ಯಾಡ. ಬದಕತಿದ್ವೋ ಇಲ್ಲೋ?”

“ಮೂರಾದ್ರೂ ಬದಕತಿದ್ವು.”

ತುಂಗವ್ವ ಖಾಲಿ ಗೂಟಗಳನ್ನು ನೋಡಿದಳು. ಆರು ಗೂಟ, ಆರು ಹಗ್ಗ. “ನಿನ್ನಿ ಸಂಜೀಕ ಇಲ್ಲೇ ನಿಂತಿದ್ದಿ. ಗೊತ್ತಿತ್ತೇನು ನಿನಗ?”

“ಸಂಶೇ ಇತ್ತು. ಅಂಜಿಕಿ ಆತು.”

“ಅಂಜಿಕಿ! ನನಗ ಅಂಜಿಕಿ ಇಲ್ಲೇನು? ಎಮ್ಮಿ ಹೊಟ್ಟಿ ಒಳಗ ಇಳದು ಕಲ್ಲು ಒಡೀಲೇನು ನಾನು?” ಕಸಬರಿಗೆಯನ್ನು ಗೋಡೆಗೆ ಎಸೆದಳು. ಆಮೇಲೆ ಮುತ್ತಿಯ ಹತ್ತಿರ ಹೋಗಿ ಅದರ ಕೊಂಬು ಹಿಡಿದು ನಿಂತಳು. “ಕರಕೊಂಡು ಬಾ ಡಾಕ್ಟರನ್ನ. ಕೊಯ್ಯೋ ಮುಂದ ನಾನ ಹಿಡೀತೇನಿ. ನೀ ಮಾತ್ರ ನನ್ನ ಮುಂದ ಮಾತಾಡಬ್ಯಾಡ.”

ಮಧ್ಯಾಹ್ನ ಹನ್ನೆರಡಕ್ಕೆ ಹಾದಿಮನಿಯವರು ಮುತ್ತಿಯ ಎಡಮಗ್ಗುಲಿಗೆ ಮರಗಟ್ಟಿಸುವ ಸೂಜಿ ಚುಚ್ಚಿದರು. ಗೇಣುದ್ದ ಸೀಳಿದರು. ಮೊಣಕೈವರೆಗೆ ಕೈಯಿಳಿಸಿ, ಹಬೆಯಾಡುವ ಹುಲ್ಲಿನ ಮುದ್ದೆಯನ್ನು ಹಿಡಿಹಿಡಿಯಾಗಿ ತೆಗೆದರು. ಕಸ್ತೂರಿ ಒಂದೊಂದನ್ನೂ ಬಿಸಿ ಫ್ಲಾಸ್ಕಿಗೆ ತುರುಕಿ, ಗಾಳಿ ಹೊಗದಂತೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಮುಚ್ಚಳ ಬಿಗಿದಳು. ಮುತ್ತಿ ಒಮ್ಮೆ ಕಾಲು ಝಾಡಿಸಿತು, ಅಷ್ಟೇ. ತುಂಗವ್ವ ಅದರ ಹಣೆಗೆ ಹಣೆ ಹಚ್ಚಿ, ಬಾಯಲ್ಲೇ ಏನೋ ಅನ್ನುತ್ತಲೇ ಇದ್ದಳು. ಹೊಲಿಗೆ ಹಾಕುವ ಹೊತ್ತಿಗೆ ದಸ್ತಗೀರ ತನ್ನ ಟಂಟಂ ರಿಕ್ಷಾ ಚಾಲೂ ಮಾಡಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದ. “ಹತ್ತು ತಂಗೆವ್ವಾ, ಲಗೂನ ಹತ್ತು,” ಎಂದು ಕೂಗಿದ.

ಎಂಟನೆಯ ಬ್ಯಾಚಿಗೆ ಕಸ್ತೂರಿ ಬಟ್ಟೆಯನ್ನು ಮುಟ್ಟಲಿಲ್ಲ. ಮುದ್ದೆಯನ್ನು ಹಾಗೇ ಬೇರೆ ನೈಲಾನಿನ ಚೀಲಗಳಿಗೆ ತುಂಬಿ, ಹುಲ್ಲಿನ ಚೀಲದ ಜೊತೆಗೆ ಎಂಟೂ ಪಾತ್ರೆಗೆ ಇಳಿಸಿದಳು. ನೋಡಲು ಅಸಹ್ಯವಾಗಿತ್ತು, ಗಾಜಿಗೆಲ್ಲ ಹಸಿರು ಗಸಿ ಮೆತ್ತಿತ್ತು. ಪುಸ್ತಕದಲ್ಲಿ ‘ಸೋಸಿಲ್ಲ’ ಎಂದು ಎಂಟು ಸಲ ಬರೆದಳು.

ಶನಿವಾರ ತೇಗು. ಭಾನುವಾರ ತೇಗು. ಸೋಮವಾರವೂ. ಅಲ್ಲಿಯವರೆಗೆ ಎಲ್ಲ ಬ್ಯಾಚೂ ತೇಗಿದ್ದವು, ಅದರಲ್ಲಿ ಹೊಸದೇನಿಲ್ಲ. ಮಂಗಳವಾರ, ನಾಲ್ಕನೆಯ ದಿನ, ಮೂವರೂ ಊಟ ಬಿಟ್ಟು ಯಂತ್ರದ ಮುಂದೆ ಕೂತರು. ಹತ್ತು ಗಂಟೆಗೆ ಎರಡನೆಯ ಚೀಲ ತುಸು ಸೊರಗಿದಂತೆ ಕಂಡು ಹಾದಿಮನಿಯವರು ಬೆವರೊರೆಸಿಕೊಂಡರು. ದಸ್ತಗೀರ ಕೂತಲ್ಲೇ ದುವಾ ಓದಿದ. ನಳಿಕೆಯ ಜೋಡಣೆ ಸಡಿಲಾಗಿ ಅನಿಲ ಸೋರುತ್ತಿತ್ತೆಂದು ಗೊತ್ತಾಗಲು ಇಪ್ಪತ್ತು ನಿಮಿಷ ಹಿಡಿಯಿತು. ಜೋಡಣೆ ಬಿಗಿದ ಮೇಲೆ ಅದೂ ಉಬ್ಬಿತು. ಮೂರು ಗಂಟೆಗೆ ಹುಲ್ಲಿನ ಚೀಲವೊಂದನ್ನು ತೆಗೆದು, ಒಣಗಿಸಿ ತೂಗಿದರು. ಹಾಕಿದ್ದು ಹತ್ತು ಗ್ರಾಂ ಹುಲ್ಲು. ಉಳಿದದ್ದು ನಾಲ್ಕು.

“ಉಂಡೈತ್ರಿ!” ಎಂದು ದಸ್ತಗೀರ ಎದ್ದು ನಿಂತ. “ಸಾಹೇಬ್ರ, ನಮ್ಮ ಗಾಜಿನ ಎಮ್ಮಿ ಉಂಡೈತಿ!”

ವೈರಸ್ಸಿನ ಪರೀಕ್ಷೆಗೆ ಎರಡು ದಿನ ಹೋಯಿತು. ಗುರುವಾರ ಸಂಜೆ ಮೂರು ರೋಗದ ಎಮ್ಮೆಗಳಿಗೂ ಗಾಜಿನ ಹೊಟ್ಟೆಯಲ್ಲಿ ಬೆಳೆದದ್ದನ್ನು, ಗಸಿ ಸಮೇತ, ದಪ್ಪ ಕೊಳವೆಯಿಂದ ಇಳಿಸಿದರು. ಶುಕ್ರವಾರ ಏನಿಲ್ಲ. ಶನಿವಾರ ಕೆಂಚಿಯ ಮಗ್ಗುಲಲ್ಲಿ ಏನೋ ಸಣ್ಣಗೆ ಮಿಸುಕಿತು ಎಂದು ಕಸ್ತೂರಿಗೆ ಅನ್ನಿಸಿತು; ತನ್ನದೇ ನಾಡಿ ಬಡಿತವಿದ್ದರೂ ಇದ್ದೀತು. ಭಾನುವಾರ ಮೂರೂ ಎರಡೆರಡು ಬಾಯಿ ಹುಲ್ಲು ತಿಂದವು. ಮೆಲುಕಿಲ್ಲ. ಅತ್ತ ಮುತ್ತಿಯ ಹೊಲಿಗೆಯ ಸುತ್ತ ಬಾತುಕೊಂಡು ಅದೂ ಮೇವು ಬಿಟ್ಟಿತು. ತುಂಗವ್ವ ಹತ್ತು ದಿನದಿಂದ ನೆಟ್ಟಗೆ ಮಲಗಿರಲಿಲ್ಲ. ಮಗಳು ಬಂದರೆ ಎದ್ದು ಆಚೆ ಹೋಗುತ್ತಿದ್ದಳು.

ಸೋಮವಾರ ಒಂಬತ್ತಕ್ಕೆ ಲಾರಿ ಬಂತು. ಓಣಿಯ ಇಕ್ಕಟ್ಟಿನಲ್ಲಿ ಹಿಂದಕ್ಕೂ ಮುಂದಕ್ಕೂ ಘರ್ರೆನ್ನಿಸಿ, ಕೊಟ್ಟಿಗೆಯ ಬಾಗಿಲ ಕಡೆ ಹಿಂಬದಿ ಮಾಡಿ ನಿಂತಿತು. ಪಶುವೈದ್ಯ ಅಧಿಕಾರಿ ಮಠಪತಿ ಇಳಿದರು. ಹಿಂದೆ ನಾಲ್ಕು ಆಳು, ಅವರ ಹಿಂದೆ ಅರ್ಧ ಓಣಿ. ಮಠಪತಿ ಕೆಟ್ಟ ಮನುಷ್ಯರೇನಲ್ಲ. ಒಂದೂವರೆ ತಿಂಗಳಲ್ಲಿ ಇನ್ನೂರು ಕೊಟ್ಟಿಗೆ ಖಾಲಿ ಮಾಡಿಸಿ ಮುಖ ಬಾಡಿದ್ದರು.

“ಹನ್ನೊಂದರ ತನಾ ಕಾಯ್ತೇನ್ರಿ ಡಾಕ್ಟರ್. ಅದಕ್ಕಿಂತ ಹೆಚ್ಚು ನನ್ನ ಕೈಯಾಗ ಇಲ್ಲ.”

ಎಲ್ಲರೂ ಒಳಗೆ ನುಗ್ಗಿ, ಮೂರು ಎಮ್ಮೆಗಳ ಬಾಯಿಯನ್ನೇ ನೋಡುತ್ತ ನಿಂತರು. ಎಮ್ಮೆಗಳು ಕಿವಿ ನಿಮಿರಿಸಿ ಇವರನ್ನೇ ನೋಡಿದವು. ಒಂಬತ್ತೂವರೆ. ಹತ್ತು. ಹಗ್ಗ ಹಿಡಿದ ಆಳೊಬ್ಬ ಕೆಮ್ಮಿದ. ಕೆಂಚಿ ಬೆದರಿ ಎದ್ದು ನಿಂತಿತು.

ಮೂಲೆಯಲ್ಲಿ ಕೂತಿದ್ದ ತುಂಗವ್ವ ಎದ್ದಳು.

“ಎಲ್ಲಾರೂ ಹೊರಗ ನಡೀರಿ. ಮಂದಿ ಮಾರಿ ನೋಡಿಕೋತ ಯಾವ ಎಮ್ಮಿ ಮೆಲಕ ಹಾಕತೈತಿ? ಅದಕ್ಕ ಜೀವ ತಣ್ಣಗಾಗಬೇಕು. ನಡೀರಿ, ಸಾಹೇಬ್ರ, ನೀವೂ.” ಆಮೇಲೆ ಮಗಳ ಕಡೆ ತಿರುಗಿದಳು. “ನೀನೂ.”

ಹತ್ತು ದಿನದಲ್ಲಿ ತಾಯಿ ಅವಳಿಗೆ ಆಡಿದ ಮೊದಲ ಮಾತು ಅದು. ಕಸ್ತೂರಿ ತಲೆ ತಗ್ಗಿಸಿ ಹೊರಗೆ ಬಂದಳು. ತುಂಗವ್ವ ಬಾಗಿಲು ಮುಂದೆ ಮಾಡಿದಳು.

ಹೊರಗೆ ಬಿಸಿಲು ಏರಿತು. ಹತ್ತೂಕಾಲು. ಹತ್ತೂವರೆ. ಹಾದಿಮನಿಯವರು ಗೋಡೆಗೊರಗಿ ಕಣ್ಣು ಮುಚ್ಚಿದ್ದರು. ಕಸ್ತೂರಿ ಬಾಗಿಲಿಗೆ ಕಿವಿಯಿಟ್ಟಳು. ಒಳಗೆ ಸದ್ದೇ ಇಲ್ಲ. ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಮಠಪತಿ ನಿಟ್ಟುಸಿರು ಬಿಟ್ಟು, “ಆತ್ರಿ, ತಗೀರಿ,” ಎಂದರು. ಆಳುಗಳು ಹಗ್ಗ ಎತ್ತಿಕೊಂಡರು.

“ಒಂದ ನಿಮಿಷ,” ಎಂದಳು ಕಸ್ತೂರಿ, ಬಾಗಿಲಿನಿಂದ ಕಿವಿ ತೆಗೆಯದೆ. “ನಿಮ್ಮ ಕಾಲಿಗೆ ಬೀಳ್ತೇನ್ರಿ. ಇಲ್ಲಿ ಕಿವಿ ಇಡ್ರಿ.”

ಮಠಪತಿ ಬೇಸರದಿಂದಲೇ ಬಂದು ಬಾಗಿಲಿಗೆ ಕಿವಿ ಹಚ್ಚಿದರು. ಮುಖ ಬದಲಾಯಿತು. ಎರಡು ಬೆರಳಿನಿಂದ ಬಾಗಿಲನ್ನು ಸಂದಿಯಷ್ಟೇ ಸರಿಸಿ ನೋಡಿದರು. ಅವರ ತೋಳಿನ ಕೆಳಗಿಂದ ಕಸ್ತೂರಿಯೂ ನೋಡಿದಳು.

ಕೆಂಚಿ ಮಲಗಿತ್ತು. ಅದರ ಕೆಳದವಡೆ ಅಡ್ಡಡ್ಡ ಆಡುತ್ತಿತ್ತು, ಕರ್ಕ್, ಕರ್ಕ್. ಪಕ್ಕದ್ದೂ ಆಡಿಸುತ್ತಿತ್ತು. ಮೂರನೆಯದರ ಗಂಟಲಲ್ಲಿ ಒಂದು ಉಂಡೆ ಕೆಳಗಿನಿಂದ ಮೇಲಕ್ಕೆ ಏರಿ ಬಂದದ್ದು ಕಣ್ಣಿಗೆ ಕಂಡಿತು, ಅದೂ ಅಗಿಯತೊಡಗಿತು. ಅವುಗಳ ನಡುವೆ, ಹುಲ್ಲಿನ ಮೇಲೆ, ಮುತ್ತಿಯ ಕುತ್ತಿಗೆಗೆ ತಲೆಯಿಟ್ಟು ತುಂಗವ್ವ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಮುತ್ತಿಯೂ ಮೆಲುಕು ಹಾಕುತ್ತಿತ್ತು. ಪ್ರತಿ ಸಲ ದವಡೆ ಆಡಿದಾಗಲೂ ಅವಳ ತಲೆ ಸಣ್ಣಗೆ ಅಲುಗುತ್ತಿತ್ತು.

ಮಠಪತಿ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದರು. ಜೇಬಿನಿಂದ ಆದೇಶ ತೆಗೆದು, ಗೋಡೆಗಿಟ್ಟು, ‘ರದ್ದು’ ಎಂದು ಬರೆದು ಸಹಿ ಹಾಕಿದರು. ಚಾಲಕ ಲಾರಿ ಹತ್ತಿ ಕೀಲಿಗೆ ಕೈ ಹಾಕಿದ್ದ.

“ಏ, ಚಾಲೂ ಮಾಡಬ್ಯಾಡಲೇ!” ಎಂದು ಪಿಸುಗುಟ್ಟುತ್ತ ಅವರು ಓಡಿದರು. “ಸಪ್ಪಳಾದ್ರ ನಿಲ್ಲಸ್ತಾವು. ನ್ಯೂಟ್ರಲ್‌ಗೆ ಹಾಕು. ನೂಕಿಕೊಂಡು ಹೋಗೂಣು.”

ಆಳುಗಳು ಹಗ್ಗ ಲಾರಿಯೊಳಗೆ ಎಸೆದು, ಹಿಂಬದಿಗೆ ಹೆಗಲು ಕೊಟ್ಟರು. ದಸ್ತಗೀರ ಬಂದ. ಹಾದಿಮನಿಯವರು ಬಂದರು. ಓಣಿಯ ಹೆಂಗಸರೂ ಸೆರಗು ಸಿಕ್ಕಿಸಿ ಬಂದರು. ಕಸ್ತೂರಿ ಎಲ್ಲರ ನಡುವೆ ತೂರಿ, ಎರಡೂ ಅಂಗೈಯಿಟ್ಟು ನೂಕಿದಳು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅವ್ವ ಎದ್ದ ಮೇಲೆ ತನ್ನ ಜೊತೆ ಮಾತಾಡುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ಸತ್ತ ಆರು ಎಮ್ಮೆಗಳು ತಿರುಗಿ ಬರುವುದಿಲ್ಲ ಎಂಬುದು ಗೊತ್ತಿತ್ತು. ಕೊಲ್ಲಲು ಬಂದ ಲಾರಿ ಒಂದಿಷ್ಟೂ ಸದ್ದಿಲ್ಲದೆ ಓಣಿಯ ತುದಿಯವರೆಗೆ ಉರುಳಿಕೊಂಡು ಹೋಯಿತು. ತಿರುವು ದಾಟಿ, ಕೊಟ್ಟಿಗೆ ಕಣ್ಮರೆಯಾದ ಮೇಲೂ ಚಾಲಕ ಕೀಲಿ ಮುಟ್ಟಲಿಲ್ಲ.